ಮಗಳ ಲ್ಯಾಬಿನ ಲೇಸರ್ ಎಕ್ಸ್‌ರೇ ಬಿಡುತ್ತಂತೆ, ಬಿಡಿಸಿ ಕರೆದುಕೊಂಡು ಬರಬೇಕಾ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಎರಡು ಎಕರೆ ಅಡಿಕೆ ತೋಟ. ಮಗಳು ಶಂಕರಘಟ್ಟದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮುಗಿಸಿ ಹೊರರಾಜ್ಯದಲ್ಲಿ ಪಿಎಚ್.ಡಿ.ಗೆ ಸೇರಿ ಏಳು ತಿಂಗಳಾಯಿತು. ಅವಳ ಕೆಲಸ ಲೇಸರ್‌ನಿಂದ ಎಕ್ಸ್‌ರೇ ಹುಟ್ಟಿಸುವುದಂತೆ. ಹಬ್ಬಕ್ಕೆ ಬಂದಾಗ ಫೋಟೋ ತೋರಿಸಿದಳು. ಸುತ್ತ ಸೀಸದ ಇಟ್ಟಿಗೆ, ಬಾಗಿಲ ಮೇಲೆ ಹಳದಿ ಬೋರ್ಡು. ಅದನ್ನು ನೋಡಿದಾಗಿನಿಂದ ಅವಳ ಅಮ್ಮನಿಗೆ ನಿದ್ದೆ ಇಲ್ಲ. ನಮ್ಮ ಭಾವ ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದವರು. "ಮದುವೆ ಆಗಬೇಕಾದ ಹುಡುಗಿ, ಬಿಡಿಸಿ ಕರೆದುಕೊಂಡು ಬನ್ನಿ" ಅಂದರು. ಮಗಳನ್ನು ಕೇಳಿದರೆ "ಲೇಸರಿನ ಪಲ್ಸ್, ಅಂದರೆ ಬೆಳಕಿನ ಒಂದೊಂದು ಹೊಡೆತ, ತೀರಾ ಚಿಕ್ಕದು, ಏನೂ ಆಗಲ್ಲ ಅಂತ ಸೀನಿಯರ್ ಹೇಳಿದಾರೆ" ಅನ್ನುತ್ತಾಳೆ. ಮೈಗೆ ಬಿದ್ದ ವಿಕಿರಣ ಅಳೆಯುವ ಬ್ಯಾಡ್ಜ್ ಅವಳಿಗೆ ಇನ್ನೂ ಕೊಟ್ಟಿಲ್ಲವಂತೆ. ಲೇಸರ್ ಆಫ್ ಮಾಡಿದ ಮೇಲೂ ಕಿರಣ ಕೋಣೆಯಲ್ಲೇ ಉಳಿಯುತ್ತದಾ? ಬಟ್ಟೆಗೆ ಅಂಟಿ ಮನೆಗೆ ಬರುತ್ತದಾ? ನನ್ನ ಹೆಂಡತಿಗೆ ಹೋದ ವರ್ಷ ಫೆಮ್ಟೊ ಲೇಸರ್‌ನಲ್ಲಿ ಕಣ್ಣಿನ ಪೊರೆ ತೆಗೆಸಿದ್ದೇವೆ, ಅದರಲ್ಲೂ ಎಕ್ಸ್‌ರೇ ಇತ್ತಾ? ಇನ್ನೊಂದು, ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಿಷನ್ ಇರುವಾಗ ಇಷ್ಟು ಖರ್ಚು ಮಾಡಿ ಲೇಸರ್‌ನಿಂದ ಯಾಕೆ ತೆಗೆಯಬೇಕು?

ಉತ್ತರ: ಮೊದಲು ನಿಮ್ಮ ಮನೆಯವರಿಗೆ ಹೇಳಿ, ಮಗಳನ್ನು ಬಿಡಿಸಿ ಕರೆದುಕೊಂಡು ಬರುವಂಥ ಕಾರಣ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಆದರೆ ಎರಡು ಸಾಲು ಓದಿ ನನಗೂ ಕಸಿವಿಸಿಯಾಯಿತು. ಏಳು ತಿಂಗಳಾದರೂ ಬ್ಯಾಡ್ಜ್ ಇಲ್ಲ ಅನ್ನುವುದು ಒಂದು. ಪಲ್ಸ್ ಚಿಕ್ಕದು, ಏನೂ ಆಗಲ್ಲ ಅನ್ನುವ ಸಮಾಧಾನ ಇನ್ನೊಂದು. ಮೊದಲನೆಯದು ಲ್ಯಾಬಿನ ಲೋಪ, ಎರಡನೆಯದು ತಪ್ಪು ತಿಳಿವಳಿಕೆ. ಇವೆರಡಕ್ಕಿಂತ ದೊಡ್ಡ ಅಪಾಯ ಒಂದಿದೆ. ಅದರ ಸುದ್ದಿಯನ್ನು ನೀವೂ ಎತ್ತಿಲ್ಲ, ನಿಮ್ಮ ಭಾವನೂ ಎತ್ತಿಲ್ಲ. ಅದು ಕಣ್ಣಿನದು.

ನಾನೂ ಹೊಸನಗರದ ಕಡೆಯವನು. ಇಂಥ ಲೇಸರ್‌ಗಳ ಜೊತೆ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ನನ್ನ ಅಮ್ಮನೂ ಇದೇ ಪ್ರಶ್ನೆ ಕೇಳಿದ್ದಳು. ಅವತ್ತು ಅವಳಿಗೆ ಸರಿಯಾಗಿ ಬಿಡಿಸಿ ಹೇಳಲು ನನಗೆ ಬರಲಿಲ್ಲ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೆಯುತ್ತೇನೆ.

ಎಕ್ಸ್‌ರೇ ಅಂದರೆ ಬೆಳಕೇ. ನಮ್ಮ ಕಣ್ಣಿಗೆ ಕಾಣುವ ಬೆಳಕಿಗಿಂತ ಸಾವಿರಾರು ಪಟ್ಟು ಜಾಸ್ತಿ ಶಕ್ತಿ ಇರುವ ಬೆಳಕು. ಶಾಲೆಯಲ್ಲಿ ಕ್ಷ-ಕಿರಣ ಅಂತ ಓದಿರುತ್ತೀರಿ. 1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜೆನ್ ಇದನ್ನು ಮೊದಲು ಗುರುತಿಸಿದರು. ಆಸ್ಪತ್ರೆಯಲ್ಲಿ ಅದನ್ನು ಹುಟ್ಟಿಸುವ ಉಪಾಯ ಇವತ್ತಿಗೂ ಹೆಚ್ಚುಕಡಿಮೆ ಅದೇ. ಎಲೆಕ್ಟ್ರಾನ್‌ಗಳನ್ನು ಜೋರಾಗಿ ಓಡಿಸಿ ಲೋಹಕ್ಕೆ ಬಡಿಯುವುದು. ನಿಮ್ಮ ಭಾವ ನಡೆಸುತ್ತಿದ್ದ ಮಿಷನ್ನಿನ ಟ್ಯೂಬಿನೊಳಗೆ ಒಂದು ಕಾದ ತಂತಿ, ಎದುರಿಗೆ ಟಂಗ್‌ಸ್ಟನ್ ಲೋಹದ ಬಿಲ್ಲೆ, ನಡುವೆ ಹತ್ತಾರು ಸಾವಿರ ವೋಲ್ಟ್. ತಂತಿಯಿಂದ ಹೊರಟ ಎಲೆಕ್ಟ್ರಾನ್ ಬಿಲ್ಲೆಗೆ ಬಡಿದು ತಟ್ಟನೆ ನಿಲ್ಲುತ್ತದೆ. ಶಕ್ತಿಯಲ್ಲಿ 100ಕ್ಕೆ 99 ಪಾಲು ಬಿಸಿಯಾಗಿ ಹೋಗುತ್ತದೆ, ಒಂದು ಪಾಲು ಎಕ್ಸ್‌ರೇ ಆಗುತ್ತದೆ.

ನಿಮ್ಮ ಮಗಳ ಲ್ಯಾಬಿನಲ್ಲಿ ವೋಲ್ಟೇಜಿನ ಕೆಲಸವನ್ನು ಲೇಸರ್ ಬೆಳಕೇ ಮಾಡುತ್ತದೆ. ಸಾಧಾರಣ ಬೆಳಕಿಗೆ ಅಷ್ಟು ಬಲ ಇಲ್ಲ. ಬೆಳಕನ್ನು ಕಾಲದಲ್ಲೂ ಜಾಗದಲ್ಲೂ ಹಿಂಡಬೇಕು. ಸೆಕೆಂಡನ್ನು 1ರ ಮುಂದೆ 15 ಸೊನ್ನೆ ಹಾಕಿದಷ್ಟು ಪಾಲು ಮಾಡಿದರೆ ಒಂದು ಪಾಲಿಗೆ ಫೆಮ್ಟೊಸೆಕೆಂಡ್ ಅನ್ನುತ್ತಾರೆ. ಈ ಲೇಸರ್‌ಗಳ ಪಲ್ಸ್ ಸಾಮಾನ್ಯವಾಗಿ 30 ಫೆಮ್ಟೊಸೆಕೆಂಡಿನ ಆಸುಪಾಸು ಇರುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಒಂದು ತಲೆಕೂದಲಿನ ದಪ್ಪವನ್ನು ದಾಟಲಾರದು.

ಲೆಕ್ಕ ನೋಡಿ. 100 ಟೆರಾವ್ಯಾಟ್ ಲೇಸರ್ ಅಂದರೆ ನಮ್ಮ ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟಿನ ಸುಮಾರು ಒಂದು ಲಕ್ಷ ಪಟ್ಟು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದು ಇರುವುದು 30 ಫೆಮ್ಟೊಸೆಕೆಂಡ್ ಮಾತ್ರ. ಗುಣಿಸಿದರೆ ಒಂದು ಪಲ್ಸಿನ ಒಟ್ಟು ಶಕ್ತಿ 3 ಜೂಲ್. ಅರ್ಧ ಕೆ.ಜಿ. ಬೆಲ್ಲದ ಉಂಡೆಯನ್ನು ನೆಲದಿಂದ ಎರಡು ಅಡಿ ಎತ್ತಲು ಅಷ್ಟು ಸಾಕು.

ಇಷ್ಟು ಬಲದ ಪಲ್ಸನ್ನು ನೇರವಾಗಿ ಹರಳಿನೊಳಗೆ ಬೆಳೆಸಲು ಹೋದರೆ ಹರಳೇ ಒಡೆದುಹೋಗುತ್ತದೆ. ಅದಕ್ಕೆ 1985ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಡೊನ್ನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ ಮೂರು (Mourou) ಎಂಬ ವಿಜ್ಞಾನಿಗಳು ಒಂದು ದಾರಿ ಕಂಡುಹಿಡಿದರು. ನಮ್ಮ ಕಡೆ ಮದುವೆ ದಿಬ್ಬಣ ಹಳ್ಳದ ಸಂಕ ದಾಟುವುದನ್ನು ನೆನೆಸಿಕೊಳ್ಳಿ. ಎಲ್ಲರೂ ಒಟ್ಟಿಗೆ ನುಗ್ಗಿದರೆ ಸಂಕ ಮುರಿಯುತ್ತದೆ. ಒಬ್ಬರ ಹಿಂದೊಬ್ಬರು ದಾಟಿ, ಆಚೆ ದಡದಲ್ಲಿ ಮತ್ತೆ ಗುಂಪಾಗುತ್ತಾರೆ. ಅವರು ಪಲ್ಸಿಗೂ ಅದನ್ನೇ ಮಾಡಿದರು. ಮೊದಲು ಉದ್ದಕ್ಕೆ ಎಳೆದು, ಆಮೇಲೆ ಹರಳಿನಲ್ಲಿ ಶಕ್ತಿ ತುಂಬಿ, ಕೊನೆಗೆ ಮತ್ತೆ ಹಿಂಡಿದರು. ಇದಕ್ಕೆ 2018ರಲ್ಲಿ ನೊಬೆಲ್ ಬಂತು. ಈ ಕೆಲಸ ಮಾಡಿದಾಗ ಸ್ಟ್ರಿಕ್ಲೆಂಡ್ ಕೂಡ ನಿಮ್ಮ ಮಗಳ ಹಾಗೆ ಪಿಎಚ್.ಡಿ. ವಿದ್ಯಾರ್ಥಿನಿಯೇ. ಇದನ್ನು ನಿಮ್ಮ ಮನೆಯವರಿಗೆ ಖಂಡಿತ ಹೇಳಿ.

ಹಿಂಡಿದ ಪಲ್ಸನ್ನು ಬಾಗಿದ ಕನ್ನಡಿಯಿಂದ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಗಲದ ಚುಕ್ಕೆಗೆ ಇಳಿಸುತ್ತಾರೆ. ಅಂಗಳದಲ್ಲಿ ಅಡಿಕೆ ಒಣಗಿಸುವ ನಡುಮಧ್ಯಾಹ್ನದ ಬಿಸಿಲು ಚದರ ಸೆಂಟಿಮೀಟರಿಗೆ ಸುಮಾರು 0.1 ವ್ಯಾಟ್ ಇರುತ್ತದೆ. ಈ ಚುಕ್ಕೆಯಲ್ಲಿ ಅದೇ ಚದರ ಸೆಂಟಿಮೀಟರಿನ ಲೆಕ್ಕಕ್ಕೆ 1ರ ಮುಂದೆ 18 ಸೊನ್ನೆ ಹಾಕಿದಷ್ಟು ವ್ಯಾಟ್, ಇಲ್ಲವೇ ಇನ್ನೂ ಜಾಸ್ತಿ. ಅಲ್ಲಿ ಯಾವ ವಸ್ತು ಇಟ್ಟರೂ ಅದರ ಅಣುವಿನಿಂದ ಎಲೆಕ್ಟ್ರಾನ್‌ಗಳು ಕಿತ್ತುಬರುತ್ತವೆ, ಬೆಳಕಿನ ವೇಗದ ಹತ್ತಿರಕ್ಕೆ ಹೋಗುತ್ತವೆ. ಗುರಿ ತಾಮ್ರದ ತಗಡಾದರೆ ಅವು ತಾಮ್ರದೊಳಗೇ ನುಗ್ಗಿ ಎಕ್ಸ್‌ರೇ ಹುಟ್ಟಿಸುತ್ತವೆ. ಟ್ಯೂಬಿನಲ್ಲಿ ಆಗುವುದೇ ಇಲ್ಲೂ ಆಗುತ್ತದೆ, ಆದರೆ ಕೂದಲಿಗಿಂತ ಸಣ್ಣ ಜಾಗದಲ್ಲಿ.

ಗುರಿಯ ಜಾಗದಲ್ಲಿ ಅನಿಲ ಚಿಮ್ಮಿಸಿದರೆ ಬೇರೆಯೇ ಆಟ. ಸೇತುವೆ ಆಗುವ ಮುಂಚೆ ಸಿಗಂದೂರಿಗೆ ಲಾಂಚಿನಲ್ಲಿ ಹೋದವರಿಗೆ ಗೊತ್ತು, ಲಾಂಚ್ ಹಿನ್ನೀರನ್ನು ಸೀಳಿಕೊಂಡು ಹೋದ ಹಾಗೆ ಹಿಂದೆ ಅಲೆ ಏಳುತ್ತದೆ. ತೇಲುವ ಕಡ್ಡಿ ಆ ಅಲೆಗೆ ಸಿಕ್ಕಿದರೆ ಅದರ ಜೊತೆಗೇ ಓಡುತ್ತದೆ. ಲೇಸರ್ ಪಲ್ಸ್ ಅನಿಲದೊಳಗೆ ಹೀಗೇ ಅಲೆ ಎಬ್ಬಿಸುತ್ತದೆ. ಅಲೆಗೆ ಸಿಕ್ಕ ಎಲೆಕ್ಟ್ರಾನ್‌ಗಳು ಕೆಲವೇ ಮಿಲಿಮೀಟರಿನಲ್ಲಿ ಕೋಟಿಗಟ್ಟಲೆ ವೋಲ್ಟಿನ ಶಕ್ತಿ ಪಡೆಯುತ್ತವೆ. ಓಡುತ್ತಾ ಅತ್ತಿತ್ತ ತೊನೆದಾಡುತ್ತವೆ, ಆ ತೊನೆದಾಟದಲ್ಲಿ ಎಕ್ಸ್‌ರೇ ಹೊರಬರುತ್ತದೆ. ಹೀಗೆ ಮಾಡಬಹುದು ಎಂದು ಭೌತವಿಜ್ಞಾನಿಗಳಾದ ತಜಿಮಾ ಮತ್ತು ಡಾಸನ್ 1979ರಲ್ಲೇ ಬರೆದಿದ್ದರು. ಅಷ್ಟು ಗಟ್ಟಿ ಲೇಸರ್ ಬರಲು ವರ್ಷಗಳು ಬೇಕಾದವು.

ಮೂರನೆಯ ದಾರಿಯೂ ಇದೆ. ಕಡಿಮೆ ತೀವ್ರತೆಯ ಲೇಸರನ್ನು ಅನಿಲಕ್ಕೆ ಹಾಯಿಸಿ ತೀರಾ ಮೆದು, ಅಂದರೆ ಕಡಿಮೆ ಶಕ್ತಿಯ, ಎಕ್ಸ್‌ರೇ ಮತ್ತು ಅದಕ್ಕಿಂತ ಕಡಿಮೆ ಶಕ್ತಿಯ ಅತಿನೇರಳೆ ಕಿರಣ ಪಡೆಯುವುದು. 2023ರ ಭೌತಶಾಸ್ತ್ರ ನೊಬೆಲ್ ಬಂದಿದ್ದು ಈ ದಾರಿಯಲ್ಲಿ ನಡೆದವರಿಗೆ. ಆ ಕಿರಣಕ್ಕೆ ಗಾಳಿಯನ್ನು ದಾಟಿ ಬರುವ ಶಕ್ತಿಯೂ ಇಲ್ಲ. ಪ್ರಯೋಗ ನಡೆಯುವ ನಿರ್ವಾತದ (ಗಾಳಿ ತೆಗೆದ) ಡಬ್ಬಿಯೊಳಗೇ ಮುಗಿದುಹೋಗುತ್ತದೆ.

ಇಷ್ಟು ವಿವರಿಸಿದ್ದು ಯಾಕೆಂದರೆ, ಅಪಾಯ ಎಷ್ಟು ಅನ್ನುವುದು ಮಗಳು ಈ ಮೂರರಲ್ಲಿ ಯಾವುದರಲ್ಲಿದ್ದಾಳೆ ಅನ್ನುವುದರ ಮೇಲೆ ನಿಂತಿದೆ. ಮೂರನೆಯದಾದರೆ ಎಕ್ಸ್‌ರೇ ಚಿಂತೆಯನ್ನು ಇವತ್ತೇ ಬಿಡಿ. ತಾಮ್ರದ ಗುರಿಯಾದರೆ ಮುಖ್ಯವಾದ ಎಕ್ಸ್‌ರೇ 8 ಸಾವಿರ ಎಲೆಕ್ಟ್ರಾನ್‌ವೋಲ್ಟಿನದು. ಎಲೆಕ್ಟ್ರಾನ್‌ವೋಲ್ಟ್ ಅಂದರೆ ಕಿರಣದ ಶಕ್ತಿ ಅಳೆಯುವ ಮಾನ. ಇಷ್ಟು ಶಕ್ತಿಯದನ್ನು ಡಬ್ಬಿಯ ಉಕ್ಕಿನ ಗೋಡೆಯೇ ತಡೆಯುತ್ತದೆ. ಅದರ ಜೊತೆ ಇನ್ನೂ ಗಡುಸಾದ ಕಿರಣ ಸ್ವಲ್ಪ ಹುಟ್ಟುತ್ತದೆ, ಮತ್ತು ಗಾಜಿನ ಕಿಟಕಿ ಇರುವ ಕಡೆ ತಡೆ ಕಡಿಮೆ. ಸೀಸದ ಇಟ್ಟಿಗೆ ಅದಕ್ಕೆ. ಅನಿಲದ ಅಲೆಯ ಪ್ರಯೋಗವಾದರೆ ಎಲೆಕ್ಟ್ರಾನ್‌ಗಳ ಕಂತೆಯೇ ಹೊರಬರುತ್ತದೆ. ಅಲ್ಲಿ ದಪ್ಪ ಗೋಡೆ ಬೇಕು, ಕಂತೆಯನ್ನು ಬಗ್ಗಿಸುವ ಅಯಸ್ಕಾಂತ ಬೇಕು, ಲೇಸರ್ ಹೊಡೆಯುವಾಗ ಆ ಕೋಣೆಯಲ್ಲಿ ಯಾರೂ ಇರಬಾರದು. ಸುಮ್ನೆ ಸೀಸ ಪೇರಿಸಿದರೂ ಆಗುವುದಿಲ್ಲ. ವೇಗದ ಎಲೆಕ್ಟ್ರಾನ್ ನೇರವಾಗಿ ಸೀಸಕ್ಕೆ ಬಡಿದರೆ ಇನ್ನೂ ಜಾಸ್ತಿ ಎಕ್ಸ್‌ರೇ ಹುಟ್ಟುತ್ತದೆ. ಮೊದಲು ಪ್ಲಾಸ್ಟಿಕ್ಕೋ ಅಲ್ಯೂಮಿನಿಯಮ್ಮೋ ಇಟ್ಟು ಹಿಂದೆ ಸೀಸ ಇಡಬೇಕು. ಫೋಟೋದಲ್ಲಿ ಸೀಸ ಕಂಡು ನೀವು ಗಾಬರಿಯಾದಿರಿ. ನನಗಾದರೆ ಅದು ಕಾಣದಿದ್ದರೆ ಗಾಬರಿ.

ಕಿರಣ ಕೋಣೆಯಲ್ಲಿ ಉಳಿಯುತ್ತದಾ ಅಂದಿರಿ. ಇಲ್ಲ. ಕರೆಂಟ್ ಹೋದಾಗ ಬಲ್ಬಿನ ಬೆಳಕು ಕೋಣೆಯಲ್ಲಿ ಉಳಿಯುತ್ತದಾ? ಇದೂ ಹಾಗೇ. ಲೇಸರ್ ನಿಂತ ಕ್ಷಣ ಎಕ್ಸ್‌ರೇ ಮುಗಿಯಿತು. ಬಟ್ಟೆಗೆ ಅಂಟುವುದಿಲ್ಲ, ಮೈಯಲ್ಲಿ ಕೂರುವುದಿಲ್ಲ, ಮಗಳ ಬ್ಯಾಗಿನಲ್ಲಿ ತೀರ್ಥಹಳ್ಳಿಗೆ ಬರುವುದಿಲ್ಲ. ಅಂಟುವುದು ವಿಕಿರಣಶೀಲ ಧೂಳು, ಅದು ಬೇರೆ ವಿಷಯ. ಒಂದು ವಿನಾಯಿತಿ ಇದೆ, ಮುಚ್ಚಿಡುವುದು ಸರಿಯಲ್ಲ. ಕಿರಣದ ಶಕ್ತಿ ಸುಮಾರು ಒಂದು ಕೋಟಿ ಎಲೆಕ್ಟ್ರಾನ್‌ವೋಲ್ಟ್ ದಾಟಿದರೆ ಅದು ಬಡಿದ ಲೋಹ ಸ್ವಲ್ಪ ಹೊತ್ತು ವಿಕಿರಣಶೀಲ ಆಗಬಹುದು. ದೊಡ್ಡ ಲೇಸರ್ ಇರುವ ಲ್ಯಾಬುಗಳಲ್ಲಿ ಹೊಡೆತ ಮುಗಿದ ಮೇಲೆ ಕಾದು, ಅಳತೆ ಮಾಡಿಯೇ ಒಳಗೆ ಬಿಡುವುದು ಅದಕ್ಕೇ.

ಈಗ ಆ ಸೀನಿಯರ್ ಮಾತಿಗೆ ಬರುತ್ತೇನೆ. ಇದನ್ನು ಎಷ್ಟೋ ಲ್ಯಾಬುಗಳಲ್ಲಿ ನಾನೇ ಕೇಳಿದ್ದೇನೆ. ಒಳ್ಳೆಯ ಹುಡುಗರೇ ಹೇಳುತ್ತಾರೆ. ಆದರೂ ತಪ್ಪು ತಪ್ಪೇ.

ದೇಹಕ್ಕೆ ಲೆಕ್ಕ ಪಲ್ಸ್ ಎಷ್ಟು ಚಿಕ್ಕದು ಅನ್ನುವುದಲ್ಲ, ಒಟ್ಟು ಎಷ್ಟು ಶಕ್ತಿ ಮೈಯಲ್ಲಿ ಇಳಿಯಿತು ಅನ್ನುವುದು. ಸೆಕೆಂಡಿಗೆ ಹತ್ತು ಹೊಡೆತದ ಲೇಸರ್ ಒಂದು ಗಂಟೆಯಲ್ಲಿ 36,000 ಸಲ ಹೊಡೆಯುತ್ತದೆ. ಸೆಕೆಂಡಿಗೆ ಸಾವಿರ ಹೊಡೆತದ್ದಾದರೆ 36 ಲಕ್ಷ ಸಲ. ಹನಿ ಚಿಕ್ಕದು ಅಂತ ಸೋರುವ ಮಾಡಿನ ಕೆಳಗೆ ಹಾಸಿಗೆ ಹಾಕುತ್ತೀರಾ?

ಇನ್ನೊಂದು ತೊಡಕು ಇದೆ. ಪಲ್ಸ್ ಚಿಕ್ಕದಾದಷ್ಟೂ ಅಳೆಯುವ ಉಪಕರಣ ಮೋಸ ಹೋಗುತ್ತದೆ. ಗೀಗರ್ ಕೌಂಟರ್ 'ಟಿಕ್ ಟಿಕ್' ಅನ್ನುವುದನ್ನು ನೋಡಿರುತ್ತೀರಿ. ಅದು ಎಣಿಸುವ ಯಂತ್ರ. ಒಂದು ಕಣ ಬಂತು, ಟಿಕ್. ಸ್ವಲ್ಪ ಸುಧಾರಿಸಿಕೊಂಡು ಮುಂದಿನದಕ್ಕೆ ತಯಾರಾಗುತ್ತದೆ. ಲೇಸರ್ ಹೊಡೆತದಲ್ಲಿ ಸಾವಿರಾರು ಕಣ ಒಂದೇ ಕ್ಷಣಕ್ಕೆ ಬಂದರೂ ಅದು ಹೇಳುವುದು ಒಂದೇ ಟಿಕ್. ಆಗುಂಬೆಯ ಜುಲೈ ಮಳೆಯಲ್ಲಿ ಒಬ್ಬ ಅಂಗಳದಲ್ಲಿ ನಿಂತು ಹನಿ ಎಣಿಸುತ್ತಾನೆ, ಇನ್ನೊಬ್ಬ ಕೊಡ ಇಟ್ಟು ಸಂಜೆ ನೀರು ಅಳೆಯುತ್ತಾನೆ ಅಂದುಕೊಳ್ಳಿ. ನಂಬಬೇಕಾದ್ದು ಕೊಡದವನನ್ನು. ನಿಮ್ಮ ಮಗಳಿಗೆ ಸಿಗಬೇಕಾದ ಬ್ಯಾಡ್ಜ್ ಆ ಕೊಡ.

ಆ ಬ್ಯಾಡ್ಜಿಗೆ ಟಿಎಲ್‌ಡಿ ಅನ್ನುತ್ತಾರೆ. ನಿಮ್ಮ ಭಾವ ಎದೆಯ ಹತ್ತಿರ ಸಿಕ್ಕಿಸಿಕೊಳ್ಳುತ್ತಿದ್ದದ್ದೂ ಅದನ್ನೇ ಇರಬೇಕು. ಒಳಗೆ ಪುಟ್ಟ ಬಿಲ್ಲೆಗಳಿರುತ್ತವೆ. ಬಿದ್ದ ವಿಕಿರಣದ ಶಕ್ತಿಯನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಮೂರು ತಿಂಗಳಾದ ಮೇಲೆ ಬಿಸಿ ಮಾಡಿದರೆ ಹಿಡಿದಿಟ್ಟಿದ್ದನ್ನು ಬೆಳಕಾಗಿ ಬಿಡುತ್ತವೆ. ಆ ಬೆಳಕು ಅಳೆದು ಡೋಸ್, ಅಂದರೆ ಮೈಗೆ ಬಿದ್ದ ವಿಕಿರಣದ ಪ್ರಮಾಣ, ಹೇಳುತ್ತಾರೆ. ಪಲ್ಸ್ ಚಿಕ್ಕದೋ ದೊಡ್ಡದೋ, ಅದಕ್ಕೆ ವ್ಯತ್ಯಾಸ ಇಲ್ಲ. "ಪಲ್ಸ್ ಚಿಕ್ಕದು, ಬ್ಯಾಡ್ಜ್ ಯಾಕೆ" ಅನ್ನುವ ಮಾತು ಅದಕ್ಕೇ ತಲೆಕೆಳಗು. ಪಲ್ಸ್ ಚಿಕ್ಕದಾಗಿರುವುದರಿಂದಲೇ ಬ್ಯಾಡ್ಜ್ ಬೇಕು.

ಮದುವೆ, ಮಕ್ಕಳು ಅಂದಿರಿ. ಅಂಕಿಗಳನ್ನೇ ಕೊಡುತ್ತೇನೆ. ಡೋಸನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಭೂಮಿಯ ಮೇಲಿನ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಬರುತ್ತದೆ. ಎದೆಯ ಒಂದು ಎಕ್ಸ್‌ರೇಗೆ 0.1ಕ್ಕಿಂತ ಕಡಿಮೆ. ಎದೆಯ ಸಿ.ಟಿ. ಸ್ಕ್ಯಾನ್ ಆದರೆ ಹತ್ತಿರ ಹತ್ತಿರ 5ರಿಂದ 7. ವಿಕಿರಣದ ಜೊತೆ ಕೆಲಸ ಮಾಡುವವರಿಗೆ ನಮ್ಮ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷ 30 ಮೀರಬಾರದು. ಸಾರ್ವಜನಿಕರಿಗೆ ವರ್ಷಕ್ಕೆ 1. ಶಿಸ್ತಾಗಿ ನಡೆಯುವ ಲೇಸರ್ ಲ್ಯಾಬುಗಳಲ್ಲಿ ನಾನು ನೋಡಿದ ಬ್ಯಾಡ್ಜ್ ವರದಿಗಳು ಬಹುತೇಕ ಸೊನ್ನೆಯ ಹತ್ತಿರವೇ ಇದ್ದವು.

ಹೆಣ್ಣುಮಕ್ಕಳ ಅಂಡಾಶಯಕ್ಕೆ ಕಾಯಂ ತೊಂದರೆ ಆಗಬೇಕಾದರೆ ಅಲ್ಲಿಗೆ ಒಂದೇ ಸಲಕ್ಕೆ ಎರಡು ಸಾವಿರ ಮಿಲಿಸೀವರ್ಟ್‌ಗಿಂತ ಜಾಸ್ತಿ ಬೀಳಬೇಕು. ಲ್ಯಾಬಿನ ಮಾತಿಗೂ ಅದಕ್ಕೂ ಅಜಗಜಾಂತರ. ಹುಟ್ಟುವ ಮಕ್ಕಳಿಗೆ ಅಂಗವಿಕಲತೆ ಬರುತ್ತದೆ ಅನ್ನುವ ಭಯ ನಮ್ಮಲ್ಲಿ ಆಳವಾಗಿದೆ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಪರೀಕ್ಷಿಸಿದ್ದಾರೆ. ವಿಕಿರಣದಿಂದ ಬಂದ ಆನುವಂಶಿಕ ದೋಷ ಅವರಲ್ಲಿ ಕಂಡುಬಂದಿಲ್ಲ. ಕ್ಯಾನ್ಸರ್ ವಿಷಯದಲ್ಲಿ ಮಾತ್ರ ಡೋಸ್ ಏರಿದಂತೆ ಸಾಧ್ಯತೆಯೂ ಸ್ವಲ್ಪ ಏರುತ್ತದೆ ಅಂತಲೇ ಲೆಕ್ಕ ಹಾಕುತ್ತಾರೆ. ಮಿತಿಗಳನ್ನು ಇಟ್ಟಿರುವುದೂ ಅದಕ್ಕೇ. ಮುಂದೆ ಮಗಳು ಗರ್ಭಿಣಿಯಾದರೆ ತಡ ಮಾಡದೆ ಲ್ಯಾಬಿಗೆ ತಿಳಿಸಬೇಕು. ಅಲ್ಲಿಂದ ಮುಂದೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್‌ನ ಮಿತಿ. ಕೆಲಸ ಬದಲಿಸಿಕೊಡುವುದು ಅವರ ಕರ್ತವ್ಯ, ಉಪಕಾರ ಅಲ್ಲ.

ಭಾವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಳೆಯ ಕಾಲದಲ್ಲಿ ಎಷ್ಟೋ ಕಡೆ ಏಪ್ರನ್ ಇಲ್ಲದೆ, ರೋಗಿಯನ್ನು ಕೈಯಲ್ಲಿ ಹಿಡಿದು ಎಕ್ಸ್‌ರೇ ತೆಗೆದವರಿದ್ದಾರೆ. ಅವರ ಹೆದರಿಕೆಗೆ ಅನುಭವದ ಬೇರಿದೆ.

ಈಗ ಕಣ್ಣು.

ಈ ಲೇಸರ್‌ಗಳಲ್ಲಿ ಹೆಚ್ಚಿನವು ಟೈಟಾನಿಯಂ-ಸಫೈರ್ ಹರಳಿನವು. ಬೆಳಕಿನ ತರಂಗ 800 ನ್ಯಾನೊಮೀಟರ್. ಇದು ಕೆಂಪಿನ ಆಚೆಗಿನದು, ಕಂಡರೆ ಮಂಕಾದ ಕೆಂಪು ಚುಕ್ಕೆಯಾಗಿ ಕಾಣುತ್ತದೆ ಅಷ್ಟೆ. ಕಣ್ಣು ಕುಕ್ಕುವುದಿಲ್ಲ, ಹಾಗಾಗಿ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಆದರೆ ಕಣ್ಣಿನ ಮಸೂರ ಅದನ್ನು ಹಿಡಿದು ಅಕ್ಷಿಪಟಲದ ಮೇಲೆ ಲಕ್ಷ ಪಟ್ಟು ಸಾಂದ್ರ ಮಾಡಿ ಇಳಿಸುತ್ತದೆ. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ. ಸುಟ್ಟರೂ ಸುಟ್ಟಿದ್ದು ತಿಳಿಯುವುದಿಲ್ಲ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬನಿಗೆ ಇದು ಆಯಿತು. ಸಂಜೆ ಏಳು ದಾಟಿತ್ತು. ಹರಳಿಗೆ ಶಕ್ತಿ ತುಂಬುವ ಪಂಪ್ ಲೇಸರ್‌ಗಳು ಟಕ್ ಟಕ್ ಟಕ್ ಅಂತ ಸೆಕೆಂಡಿಗೆ ಹತ್ತು ಸಲ ಬಡಿದುಕೊಳ್ಳುತ್ತಿದ್ದವು. ಬೀಮ್ (ಲೇಸರ್ ಕಿರಣ) ಎಲ್ಲಿ ಬೀಳುತ್ತಿದೆ ಅಂತ ಕಾರ್ಡಿನ ಮೇಲೆ ಸರಿಯಾಗಿ ಕಾಣುತ್ತಿಲ್ಲ ಎಂದು ರಕ್ಷಣೆಯ ಕನ್ನಡಕ ಹಣೆಗೆ ಏರಿಸಿಕೊಂಡ. ಕೆಳಗೆ ಬಿದ್ದ ಸ್ಕ್ರೂ ಹೆಕ್ಕಲು ಬಗ್ಗಿದ. ಮೇಜಿನ ಅಂಚಿನಲ್ಲಿ ಒಂದು ಮಸೂರ ಸ್ವಲ್ಪ ತಿರುಗಿ ಬೀಮನ್ನು ಅತ್ತ ಹಾಯಿಸುತ್ತಿತ್ತು. "ಪಟ್ ಅಂತ ಕೇಳಿಸಿತು" ಅಂದ, ಬೇರೇನೂ ಹೇಳಲಿಲ್ಲ. ಮಾರನೇ ದಿನ ಪೇಪರ್ ಓದುವಾಗ ಬಲಗಣ್ಣಿನಲ್ಲಿ ಸಾಲಿನ ನಡುವೆ ಒಂದು ಅಕ್ಷರದಷ್ಟು ಜಾಗ ಕಪ್ಪಾಗಿತ್ತು. ಅಕ್ಷರ ನೋಡಲು ಕಣ್ಣು ಸರಿಸಿದರೆ ಕಪ್ಪೂ ಜೊತೆಗೇ ಸರಿಯುತ್ತಿತ್ತು. ಆ ಮಚ್ಚೆ ಇವತ್ತಿಗೂ ಇದೆ. ಅಷ್ಟು ವರ್ಷದಲ್ಲಿ ನನ್ನ ಸುತ್ತ ಎಕ್ಸ್‌ರೇಯಿಂದ ತೊಂದರೆಯಾದವರನ್ನು ನಾನು ಕಂಡಿಲ್ಲ. ಕಣ್ಣು ಕೆಡಿಸಿಕೊಂಡವನನ್ನು ಕಂಡಿದ್ದೇನೆ. ಅವತ್ತು ನಾನು ಅದೇ ಕೋಣೆಯಲ್ಲಿದ್ದೆ, ಕನ್ನಡಕ ಇಳಿಸಿಕೋ ಅಂತ ಹೇಳಿರಲಿಲ್ಲ.

ಹಾಗಾಗಿ ಮಗಳಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ "ಕನ್ನಡಕ ಹಾಕ್ತೀಯಾ?" ಯಾವುದೋ ಕಪ್ಪು ಕನ್ನಡಕ ಅಲ್ಲ, 800 ನ್ಯಾನೊಮೀಟರಿಗೆ ಅಂತಲೇ ಮಾಡಿದ್ದು. ಬೀಮ್ ಹೊಂದಿಸುವ ಹೊತ್ತಿನಲ್ಲೇ ಕಣ್ಣಿನ ಅಪಘಾತ ಜಾಸ್ತಿ, ಹುಡುಗರು ಕನ್ನಡಕ ತೆಗೆಯುವುದೂ ಅದೇ ಹೊತ್ತಿನಲ್ಲಿ. ಬೀಮ್ ಇರುವ ಎತ್ತರಕ್ಕೆ ತಲೆ ತರಬಾರದು. ಕೈಯಲ್ಲಿ ವಾಚ್, ಉಂಗುರ, ಬಳೆ ಇರಬಾರದು. ಹೊಳೆಯುವ ಯಾವುದಾದರೂ ಬೀಮನ್ನು ಎಲ್ಲಿಗೆ ಬೇಕಾದರೂ ತಿರುಗಿಸುತ್ತದೆ. ಬರಿಗೈಯಲ್ಲಿ ಇರುವುದು ನಿಮ್ಮ ಮನೆಯ ಹಿರಿಯರಿಗೆ ಸರಿ ಕಾಣದೆ ಇರಬಹುದು. ಲ್ಯಾಬಿನ ಹೊತ್ತಿಗೆ ತೆಗೆದಿಟ್ಟು ಹೊರಗೆ ಬಂದು ಹಾಕಿಕೊಳ್ಳಲಿ ಅಂತ ನೀವೇ ಸಮಾಧಾನ ಹೇಳಿ.

ಇನ್ನು ಮುಂದೇನು ಮಾಡಬೇಕು? ನನ್ನ ಕೇಳಿದರೆ ಅವಳು ಅಲ್ಲೇ ಮುಂದುವರಿಯಲಿ, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಅಂಥ ಸಂಸ್ಥೆಯಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿ ಅಂತ ಒಬ್ಬರಿರಬೇಕು. ಮಗಳು ಅವರಿಗೆ ಬ್ಯಾಡ್ಜ್ ಬೇಕು ಅಂತ ಇ-ಮೇಲ್ ಬರೆಯಲಿ. ಬಾಯಿಮಾತಲ್ಲ, ಬರಹದಲ್ಲಿ. ಬಾಗಿಲು ತೆರೆದರೆ ಲೇಸರ್ ತಾನಾಗಿ ತಡೆಯುವ ಇಂಟರ್‌ಲಾಕ್ ಇದೆಯಾ, ಅದನ್ನು ಯಾರಾದರೂ ಟೇಪ್ ಅಂಟಿಸಿ ಸುಮ್ಮನಾಗಿಸಿದ್ದಾರಾ ಅಂತ ನೋಡಲಿ. ಅಂಥದ್ದು ನಡೆಯುತ್ತದೆ, ನಾನು ಕಂಡಿದ್ದೇನೆ. ಗೋಡೆಗಳ ಮೇಲೆ, ಅವರು ಕೂರುವ ಜಾಗದಲ್ಲಿ ಟಿಎಲ್‌ಡಿ ಇಟ್ಟು ಅಳೆದಿದ್ದಾರಾ ಅಂತ ಕೇಳಲಿ. ಹೊಸ ವಿದ್ಯಾರ್ಥಿನಿ ಇಷ್ಟೆಲ್ಲ ಕೇಳಿದರೆ ಯಾರಿಗಾದರೂ ಮುಖ ಸಿಂಡರಿಸಬಹುದು. ಒಳ್ಳೆಯ ಗೈಡ್ ಆದರೆ ಖುಷಿಪಡುತ್ತಾರೆ. ಬ್ಯಾಡ್ಜ್ ಬರುವವರೆಗೆ ಹೊಡೆತದ ಹೊತ್ತಿನಲ್ಲಿ ಆ ಕೋಣೆಗೆ ಹೋಗುವುದಿಲ್ಲ ಅಂತ ಅವಳು ಹೇಳಬಹುದು. ಎರಡು ತಿಂಗಳ ಕೆಲಸ ಹಿಂದೆ ಬೀಳಬಹುದು, ಬೀಳಲಿ.

ಕೇಳಿದರೂ ಅವರು ಸರಿಪಡಿಸದಿದ್ದರೆ ಅದೇ ಗುಂಪಿನಲ್ಲಿ ಕಂಪ್ಯೂಟರ್ ಲೆಕ್ಕದ ಕೆಲಸಕ್ಕೋ ಇನ್ನೊಬ್ಬ ಗೈಡ್ ಹತ್ತಿರಕ್ಕೋ ಬದಲಿಸಿಕೊಳ್ಳಬಹುದು. ಏಳು ತಿಂಗಳಲ್ಲಿ ಬದಲಿಸುವುದು ಸುಲಭ, ಮೂರು ವರ್ಷ ಆದ ಮೇಲೆ ಕಷ್ಟ. ನಷ್ಟವೂ ಇದೆ. ಯಂತ್ರದ ಜೊತೆ ಕೈ ಪಳಗಿಸುವ ಅವಕಾಶ ತಪ್ಪುತ್ತದೆ, ಅದು ಪುಸ್ತಕದಿಂದ ಬರುವುದಿಲ್ಲ. ಪೂರ್ತಿ ಬಿಟ್ಟು ಬರುವುದು ಕೊನೆಯ ದಾರಿ. ಈಗ ಇರುವ ಮಾಹಿತಿಯಲ್ಲಿ ಅದಕ್ಕೆ ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಹುಡುಗಿಯೊಬ್ಬಳು ಅಲ್ಲಿಯವರೆಗೆ ಹೋಗಿದ್ದಾಳೆ. ಒಂದು ಬ್ಯಾಡ್ಜಿಗೋಸ್ಕರ ಅದನ್ನು ಕೈಬಿಡಬೇಕಾ?

ನಿಮ್ಮ ಮನೆಯವರ ಪೊರೆಯ ಆಪರೇಷನ್ನಿನಲ್ಲಿ ಎಕ್ಸ್‌ರೇ ಇರಲಿಲ್ಲ. ಅಲ್ಲೂ ಫೆಮ್ಟೊಸೆಕೆಂಡ್ ಲೇಸರೇ, ಆದರೆ ತೀವ್ರತೆ ಲ್ಯಾಬಿನದ್ದಕ್ಕಿಂತ ಹತ್ತಾರು ಸಾವಿರ ಪಟ್ಟು ಕಡಿಮೆ. ಸಣ್ಣ ಗಾಯ ಮಾಡಿ ಮಸೂರದ ಚೀಲ ಕತ್ತರಿಸಲು, ಪೊರೆಯನ್ನು ಚೂರು ಮಾಡಲು ಅದು ಸಾಕು. ಎಲೆಕ್ಟ್ರಾನ್‌ಗಳಿಗೆ ಎಕ್ಸ್‌ರೇ ಹುಟ್ಟಿಸುವಷ್ಟು ವೇಗ ಬರುವುದಿಲ್ಲ. ಲೋಹ ಕೊರೆಯುವ ಕಾರ್ಖಾನೆಯ ಫೆಮ್ಟೊ ಲೇಸರ್‌ಗಳ ವಿಷಯ ಬೇರೆ. ಅವುಗಳಿಂದ ಮೆದು ಎಕ್ಸ್‌ರೇ ಬರುತ್ತದೆ ಅಂತ ಗೊತ್ತಾಗಿ ಜರ್ಮನಿಯವರು ಅಂಥ ಯಂತ್ರಗಳನ್ನು ವಿಕಿರಣ ಕಾನೂನಿನೊಳಗೆ ತಂದಿದ್ದಾರೆ. ಲೋಹದ ಹೊದಿಕೆ ಹಾಕಿದರೆ ಅದು ನಿಲ್ಲುತ್ತದೆ.

ಕೊನೆಗೆ, ಇಷ್ಟು ಖರ್ಚು ಯಾಕೆ ಅಂದಿರಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಗೋಡೆಯ ಮೇಲೆ ಕೈಯ ನೆರಳು ಮಾಡಿ ಮಕ್ಕಳಿಗೆ ಆಟ ತೋರಿಸಿರುತ್ತೀರಿ ಅಲ್ವಾ. ಪುಟ್ಟ ಬತ್ತಿಯ ದೀಪಕ್ಕೆ ನೆರಳಿನ ಅಂಚು ಚೂಪು. ಟ್ಯೂಬ್‌ಲೈಟಿಗೆ ನೆರಳು ಕಲಸಿಹೋಗುತ್ತದೆ. ಆಸ್ಪತ್ರೆಯ ಟ್ಯೂಬಿನಲ್ಲಿ ಎಕ್ಸ್‌ರೇ ಹುಟ್ಟುವ ಚುಕ್ಕೆ ಮಿಲಿಮೀಟರಿನ ಲೆಕ್ಕದಲ್ಲಿರುತ್ತದೆ, ಲೇಸರಿನದು ಮೈಕ್ರಾನಿನ ಲೆಕ್ಕದಲ್ಲಿ. ಚುಕ್ಕೆ ಅಷ್ಟು ಸಣ್ಣದಾದರೆ ಎಕ್ಸ್‌ರೇಯನ್ನು ಹೀರದ ಮೆದು ಭಾಗಗಳ ಅಂಚೂ ಚಿತ್ರದಲ್ಲಿ ಮೂಡುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಬ್ರಿಟನ್ನಿನ ಜೆಮಿನಿ ಲೇಸರ್ ಬಳಸಿ ಮನುಷ್ಯರ ಮೂಳೆಯ ಒಳಗಿನ ಜಾಲರಿಯ ಮೂರು ಆಯಾಮದ ಚಿತ್ರವನ್ನು 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಇಲಿಯ ಭ್ರೂಣದ್ದನ್ನು ಪ್ರಕಟಿಸಿತು. ಎರಡನೆಯ ಲಾಭ ವೇಗ. ಹರಳಿನೊಳಗೆ ಅಣುಗಳು ಅಲುಗುವುದು ನೂರಾರು ಫೆಮ್ಟೊಸೆಕೆಂಡಿನ ಲೆಕ್ಕದಲ್ಲಿ. ಅದರ ಫೋಟೋ ತೆಗೆಯಲು ಅಷ್ಟೇ ಚಿಕ್ಕ ಫ್ಲಾಶ್ ಬೇಕು.

ಇಂಥ ಎಕ್ಸ್‌ರೇ ದೊಡ್ಡ ಯಂತ್ರಗಳಲ್ಲೂ ಸಿಗುತ್ತದೆ. ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನ (ಎಲೆಕ್ಟ್ರಾನ್‌ಗಳನ್ನು ಉಂಗುರದಲ್ಲಿ ಸುತ್ತಿಸಿ ಎಕ್ಸ್‌ರೇ ಪಡೆಯುವ ಯಂತ್ರ) ಸುತ್ತಳತೆ ಸುಮಾರು 172 ಮೀಟರ್. ಅಂಥದ್ದನ್ನು ಊರಿಗೊಂದು ಕಟ್ಟಲಾಗುವುದಿಲ್ಲ. ಲೇಸರನ್ನು ಒಂದು ದೊಡ್ಡ ಕೋಣೆಯಲ್ಲಿ ಇಡಬಹುದು. ನಮ್ಮ ದೇಶದಲ್ಲಿ ಈ ಕೆಲಸ ಸಣ್ಣದಲ್ಲ. ಗುರಿಯ ಮೇಲೆ ಎಕೋಲೈ ಬ್ಯಾಕ್ಟೀರಿಯಾ ಲೇಪಿಸಿದರೆ ಎಕ್ಸ್‌ರೇ ಜಾಸ್ತಿ ಹುಟ್ಟುತ್ತದೆ ಅಂತ ತೋರಿಸಿದ್ದು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ನ ವಿಜ್ಞಾನಿಗಳು. ಅದನ್ನು ಮೊದಲು ಓದಿದಾಗ ನಾನು ಎದ್ದು ನಿಂತು ಮತ್ತೊಮ್ಮೆ ಓದಿದ್ದೆ. ಶಿವಮೊಗ್ಗದ ಆಸ್ಪತ್ರೆಗೆ ಇದು ಸದ್ಯಕ್ಕೆ ಬರುವುದಿಲ್ಲ. ಲೇಸರಿಗೆ ಧೂಳಿಲ್ಲದ, ಉಷ್ಣತೆ ಏರಿಳಿಯದ ಕೋಣೆ ಬೇಕು, ಕೋಟಿಗಟ್ಟಲೆ ಹಣ ಬೇಕು, ದಿನಾ ಹೊಂದಿಸುವ ಜನ ಬೇಕು. ಮುರಿದ ಕೈ ನೋಡಲು ಭಾವನ ಮಿಷನ್ನೇ ಚೆನ್ನ.

ಮಾರಾಯ್ರೇ, ಒಂದು ಕೆಲಸ ಮಾಡಿ. ಮಗಳಿಗೆ ಬ್ಯಾಡ್ಜ್ ಬಂದು ಮೂರು ತಿಂಗಳಾದ ಮೇಲೆ ಮೊದಲ ವರದಿ ಬರುತ್ತದೆ, ಅವಳ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ. ಅದನ್ನೂ, ಅವಳ ಪ್ರಯೋಗ ಆ ಮೂರರಲ್ಲಿ ಯಾವುದು ಅನ್ನುವುದನ್ನೂ ಬರೆದು ಕಳಿಸಿ. ಓದಿ, ಅಮ್ಮನಿಗೆ ಅರ್ಥವಾಗುವ ಹಾಗೆ ಇನ್ನೊಂದು ಪತ್ರ ಬರೆಯುತ್ತೇನೆ.